ಅಪ್ಪ ಅಷ್ಟು ಹೇಳಲಿಲ್ಲ

೧೪ ನವೆಂಬರ್ ೧೯೭೭, ಸೋಮವಾರ
ಚಿತ್ರದುರ್ಗ

ಕೆಲಸ ಸಿಕ್ಕಿತು. ಎರಡೇ ತಿಂಗಳಿನದು, ಆದರೂ ಕೆಲಸ ಕೆಲಸವೇ.

ಬಿ.ಎ. ಮುಗಿಸಿ ಒಂದೂವರೆ ವರ್ಷ ಗಂಗಕ್ಕನ ಮನೆಯ ಈ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು ಅರ್ಜಿಗಳನ್ನು ಬರೆದದ್ದಾಯಿತು. ಇವತ್ತು ಬೆಳಿಗ್ಗೆ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಹೇಳಿಕೊಟ್ಟ ಪರಮೇಶ್ವರಪ್ಪ ಮೇಷ್ಟ್ರು ಕರೆದುಕೊಂಡು ಹೋಗಿ ಪ್ರವಾಸಿ ಬಂಗಲೆ ಟಿ.ಬಿ.ಯಲ್ಲಿ ಇಳಿದಿರುವ ಮೇಡಂ ಮುಂದೆ ನಿಲ್ಲಿಸಿದರು. ಇಂಗ್ಲೆಂಡಿನವರು. ಕುರಿ ಸಾಕುವ ಹಟ್ಟಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಾರಂತೆ. ಅವರಿಗೆ ಕನ್ನಡ ಬಾರದು. ಹಟ್ಟಿಯವರಿಗೆ ಇಂಗ್ಲಿಷ್ ಬಾರದು. ನಡುವೆ ನಿಲ್ಲುವವಳು ನಾನು.

ಈ ಊರಿನ ಕೋಟೆಯ ಬಗ್ಗೆ ಹೇಳು ಅಂದರು. ಹತ್ತು ನಿಮಿಷ ಹೇಳಿದೆ. ಹಾಸ್ಟೆಲಿನಲ್ಲಿ ನನ್ನನ್ನು ರೇಡಿಯೋ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ಎಲ್ಲರ ಪಾಲಿನದನ್ನೂ ನಾನೇ ಆಡುತ್ತೇನೆ ಅಂತ ಕಾಣುತ್ತದೆ. ಮೇಡಂ ನಕ್ಕು, ಫ್ಲೂಯೆಂಟ್ ಅಂದರು. ಮೇಷ್ಟ್ರ ಮುಖ ಅರಳಿತು.

ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್ ಜಾಗ ಖಾಲಿಯಿದೆ, ಜನವರಿಯಲ್ಲಿ ಕಮಿಟಿ ಕೂರುತ್ತದೆ, ಈ ಮೇಡಂ ಒಂದು ಪತ್ರ ಬರೆದುಕೊಟ್ಟರೆ ಜಾಗ ನಿನ್ನದೇ ಅಂತ ಮೇಷ್ಟ್ರು ದಾರಿಯಲ್ಲಿ ಹೇಳಿದರು.

ನೀನು ಯಾವ ಊರಿನವಳು ಅಂತ ಮೇಡಂ ಕೇಳಿದರು. ಹಿರಿಯೂರು ಅಂದೆ. ಸುಳ್ಳೇನಲ್ಲ. ನಮ್ಮ ಕರೇಕಲ್ಲಹಟ್ಟಿ ಇರುವುದು ಹಿರಿಯೂರು ತಾಲ್ಲೂಕಿನಲ್ಲೇ.

೧೯ ನವೆಂಬರ್, ಶನಿವಾರ

ಮೊದಲ ಹಟ್ಟಿ ಆಯಿತು. ಹೊಸದುರ್ಗದ ಕಡೆಯದು. ಜೀಪಿನ ಡ್ರೈವರ್ ಚಿಕ್ಕತಿಮ್ಮಪ್ಪ ದಾರಿಯುದ್ದಕ್ಕೂ ಕನ್ನಡದಲ್ಲಿ ನನಗೂ ಮುರುಕು ಇಂಗ್ಲಿಷಿನಲ್ಲಿ ಮೇಡಂಗೂ ಹರಟುತ್ತಿದ್ದ. ಟೇಪ್ ರೆಕಾರ್ಡರ್ ಮುಂದಿಟ್ಟರೆ ಜನ ಬೆದರುತ್ತಾರೆಂದು ಮೇಡಂ ಅದನ್ನು ಟಿ.ಬಿ.ಯಲ್ಲೇ ಬಿಟ್ಟಿದ್ದಾರೆ. ಅವರ ಬಳಿ ಇರುವುದು ಕೆಂಪು ರಟ್ಟಿನ ನೋಟ್‌ಬುಕ್ ಮಾತ್ರ.

ಹಟ್ಟಿಯಲ್ಲಿ ಎಲ್ಲರಿಗಿಂತ ಹಿರಿಯನಾದ ಮುದ್ದಪ್ಪ ಅನ್ನುವವನನ್ನು ಕೂರಿಸಿಕೊಂಡೆವು. ಎಂಬತ್ತು ದಾಟಿರಬಹುದು. ನಿಮ್ಮ ಬದುಕಿನಲ್ಲಿ ದೊಡ್ಡ ಕಷ್ಟ ಬಂದದ್ದು ಯಾವಾಗ ಅಂತ ಮೇಡಂ ನನ್ನಿಂದ ಕೇಳಿಸಿದರು. ಅವನು ಬಹಳ ಹೊತ್ತು ನೆಲ ನೋಡಿ, "ಒಂದ್ಸಲ ಹೊಳೆ ಬಂದಿತ್ತು" ಅಂದ. ಆಮೇಲೆ ಸುಮ್ಮನಾದ.

ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಏನು ತಿಳಿದುಕೊಂಡಾರು? ನಮ್ಮ ಜನಕ್ಕೆ ಬಾಯಿಲ್ಲ, ಬುದ್ಧಿಯಿಲ್ಲ ಅಂತಲ್ಲವೇ? ಹಾಗಾಗಿ ನಾನೇ ಹೇಳಿಬಿಟ್ಟೆ: ವೇದಾವತಿಯಲ್ಲಿ ಮಹಾಪೂರ ಬಂತು, ಹಟ್ಟಿಯವರೆಲ್ಲ ದೇವರ ಮೊರೆ ಹೋದರು, ಮರುದಿನ ನೀರು ಇಳಿಯಿತು, ಅಂದಿನಿಂದ ಇವರು ಹೊಳೆಗೆ ಹಾಲು ಎರೆಯುತ್ತಾರೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಕೇಳಿಸಿತು. ಮೇಡಂ ಪುಟ ತಿರುವಿ ಬರೆದರು. ನಿಮ್ಮ ಭಾಷೆ ಅದ್ಭುತ, ಮೂರು ಪದದಲ್ಲಿ ಎಷ್ಟೊಂದು ಅಡಗಿಸುತ್ತದೆ ಅಂದರು. ಪುಟದ ಅಂಚಿನಲ್ಲಿ 'ಲಕಾನಿಕ್' ಅಂತ ಬರೆದುಕೊಂಡರು.

ಕಾಲೇಜು ಲೈಬ್ರರಿಯ ಡಿಕ್ಷನರಿಯಲ್ಲಿ ನೋಡಿದೆ. ಅಳೆದು ಕೆಲವೇ ಪದಗಳಲ್ಲಿ ಹೇಳುವವರಂತೆ. ಒಳ್ಳೆಯ ಪದವೇ. ಮುದ್ದಪ್ಪನಿಗೆ ಅದನ್ನು ನಾನು ಕೊಡಿಸಿದಂತಾಯಿತು.

೨೭ ನವೆಂಬರ್, ಭಾನುವಾರ

ಐದು ಹಟ್ಟಿ ಮುಗಿದವು. ನನ್ನ ಇಂಗ್ಲಿಷ್ ಈ ಎರಡು ವಾರದಲ್ಲಿ ಎಷ್ಟು ಹರಿತವಾಯಿತೆಂದರೆ ನನಗೇ ಹೆಮ್ಮೆ. ಸಂಜೆ ಮೇಡಂ ಬರೆದದ್ದನ್ನು ನಾನೇ ಟೈಪ್ ಮಾಡುತ್ತೇನೆ. ಹೊಸ ಪದಗಳನ್ನು ಒಂದು ಹಾಳೆಯಲ್ಲಿ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮಾತು ಕಡಿಮೆಯಿರುವವರಿಗೆ ಇಂಗ್ಲಿಷಿನಲ್ಲಿ ಎಷ್ಟೊಂದು ಹೆಸರು! ರಿಸರ್ವ್ಡ್ ಅಂದರೆ ತನ್ನನ್ನು ತಾನೇ ತಡೆದಿಟ್ಟುಕೊಂಡವನು. ರೆಟಿಸೆಂಟ್ ಅಂದರೆ ಹೇಳಲು ಹಿಂಜರಿಯುವವನು. ಟ್ಯಾಸಿಟರ್ನ್ ಅಂದರೆ ಸ್ವಭಾವದಿಂದಲೇ ಮಾತು ಬೇಡದವನು. ಶೈ ಅಂದರೆ ನಾಚಿಕೆಯವನು. ನಮ್ಮಲ್ಲಿ ಇಂಥವರಿಗೆಲ್ಲ ಸೇರಿಸಿ 'ಮೂಗ' ಅಂದುಬಿಡುತ್ತಾರೆ, ಪೇಟೆಯವರಂತೂ.

ಇವತ್ತು ಹೊಸದೊಂದು ಬಂತು: ಸಲನ್. ನಿನ್ನೆ ಹೋದ ಹಟ್ಟಿಯ ಹೆಂಗಸರು ಯಾವ ಪ್ರಶ್ನೆಗೂ ಬಾಯಿ ತೆರೆಯಲಿಲ್ಲ. ನಾನೂ ಏನು ಹೇಳಲಿ ಅಂತ ತೋಚದೆ ಸುಮ್ಮನಿದ್ದೆ. ಅವರಿಗೆ ಮೇಡಂ ಕೊಟ್ಟ ಪದ ಅದು. ಮುಖ ಗಂಟುಹಾಕಿಕೊಂಡು ಸುಮ್ಮನಿರುವವರು ಅಂತ ಅರ್ಥ. ಟೈಪ್ ಮಾಡುವಾಗ ಬೆರಳು ತಡೆಯಿತು. ಆದರೂ ಮಾಡಿದೆ. ಮಾತಾಡದಿದ್ದರೆ ಇನ್ನೇನು ಅನ್ನಬೇಕು? ಆಡಬೇಕಿತ್ತು.

೫ ಡಿಸೆಂಬರ್, ಸೋಮವಾರ

ಚಿಕ್ಕತಿಮ್ಮಪ್ಪ ಹೇಳಿಬಿಟ್ಟಿದ್ದಾನೆ, ಇವಳೂ ಹಟ್ಟಿಯವಳೇ, ಇವಳ ಅಪ್ಪನಿಗೆ ದೊಡ್ಡ ಮಂದೆ ಐತೆ ಅಂತ. ಯಾಕೆ ಹೇಳಲಿಲ್ಲ ಅಂತ ಮೇಡಂ ಕೇಳಿದರು. ಸ್ವಂತದವರ ಮಾತು ಪುಸ್ತಕಕ್ಕೆ ಸಲ್ಲದೇನೋ ಅಂದುಕೊಂಡೆ ಅಂದೆ. ಅದನ್ನೂ ಅವರು ಮೆಚ್ಚಿಕೊಂಡರು.

ನಾಡಿದ್ದು ಕರೇಕಲ್ಲಹಟ್ಟಿ.

೭ ಡಿಸೆಂಬರ್, ಬುಧವಾರ

ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆಗೆ ಹಟ್ಟಿ ಸೇರಿದೆವು. ಅಪ್ಪ ಕುರಿ ಕೂಡುವ ರೊಪ್ಪದ ಬೇಲಿಯ ಹತ್ತಿರ, ಕಾಲು ಕುಂಟುತ್ತಿದ್ದ ಒಂದು ಕುರಿಯ ಗೊರಸು ನೋಡುತ್ತಿದ್ದ. ಜೀಪಿನಿಂದ ಇಳಿದವಳು ನಾನು ಅಂತ ತಿಳಿದ ಮೇಲೂ ಗೊರಸಿನ ಮುಳ್ಳು ತೆಗೆದೇ ಎದ್ದ. ಅವ್ವ ಕಂಬಳಿ ಹಾಸಿ, "ಕುಂತ್ಕಳ್ರಿ" ಅಂತ ಮೇಡಂಗೆ ಹೇಳಿ ಒಳಗೆ ಹೋಗಿ ಮಜ್ಜಿಗೆ ತಂದಳು. ನನ್ನನ್ನು ನೋಡಿ ನಕ್ಕಳು, ಅಷ್ಟೇ. ಆರು ತಿಂಗಳಾಗಿತ್ತು ನಾನು ಹೋಗಿ.

ಮೇಡಂ ಕೇಳಿಸಿದರು: ನೀವು ಕುರಿಗಳನ್ನು ಎಣಿಸುವುದಿಲ್ಲವಂತೆ, ಒಂದು ಕಳೆದುಹೋದರೆ ಹೇಗೆ ತಿಳಿಯುತ್ತದೆ? ಅಪ್ಪ "ಗೊತ್ತಾಗ್ತದೆ" ಅಂದ. ನಾನು ಇಂಗ್ಲಿಷಿನಲ್ಲಿ, ನಮಗೆ ಪ್ರತಿ ಕುರಿಗೂ ಒಂದೊಂದು ಮುಖವಿದೆ, ತಾಯಿಗೆ ಮಕ್ಕಳಿದ್ದ ಹಾಗೆ, ಒಂದು ಇಲ್ಲವಾದರೆ ಎದೆ ಖಾಲಿಯಾಗುತ್ತದೆ ಅಂದೆ. ಮೇಡಂ ಬರೆದರು. ಮುಂದಿನ ಪ್ರಶ್ನೆ: ಬೇಸಿಗೆಯಲ್ಲಿ ಮಂದೆ ಹೊಡೆದುಕೊಂಡು ನಾಲ್ಕು ತಿಂಗಳು ಪರಸ್ಥಳದಲ್ಲಿರುತ್ತೀರಲ್ಲ, ಗಂಡಸರು ನಾಲ್ಕೈದು ಜನ, ಆಗ ಏನು ಮಾತಾಡಿಕೊಳ್ಳುತ್ತೀರಿ? ಅಪ್ಪ "ಏನಿಲ್ಲ" ಅಂದ. ನಾನು ಮಳೆಯ ಮಾತು, ಮನೆಯ ನೆನಪು, ಹಿರಿಯರು ಹೇಳುವ ಕಥೆಗಳು ಅಂತೆಲ್ಲ ಸೇರಿಸಿದೆ. ಮೇಡಂ ಪುಟ ತಿರುವಿದರು.

ಅಪ್ಪ ಮೇಡಂ ಮುಖ ನೋಡುತ್ತಿರಲಿಲ್ಲ. ಓಡುತ್ತಿದ್ದ ಪೆನ್ನನ್ನು ನೋಡುತ್ತಿದ್ದ. ಅದು ನಿಂತ ಮೇಲೆ ನನ್ನ ಕಡೆ ತಿರುಗಿದ.

"ನಾ ಅಷ್ಟು ಹೇಳ್ಲಿಲ್ಲ ಕಣವ್ವ."

ಇಂಗ್ಲಿಷಿನಲ್ಲಿ ಹಾಗೆಯೇ ಅಪ್ಪ, ಉದ್ದವಾಗುತ್ತದೆ ಅಂದೆ.

"ಒಂದು ಮಾತಂದೆ. ಆಯಮ್ಮ ಒಂದು ಪುಟ ಬರೀತು. ಅದ್ಯಾರ ಮಾತು?"

ಸಿಟ್ಟಿನಿಂದ ಕೇಳಲಿಲ್ಲ. ಯಾರದೋ ಕುರಿ ನಮ್ಮ ಮಂದೆಯಲ್ಲಿ ಸೇರಿಕೊಂಡಿದ್ದರೆ ಹೇಗೆ ಕೇಳುತ್ತಾನೋ ಹಾಗೆ ಕೇಳಿದ. ಏನಂದರು ಅಂತ ಮೇಡಂ ಕೇಳಿದರು. ಊಟ ಮಾಡಿಕೊಂಡು ಹೋಗಿ ಅಂತಿದ್ದಾರೆ ಅಂದೆ.

೮ ಡಿಸೆಂಬರ್

ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದೆ. ಮೈ ಸರಿಯಿಲ್ಲವೇನವ್ವ ಅಂತ ಗಂಗಕ್ಕ ಕೇಳಿದಳು. ತಲೆನೋವು ಅಂದೆ.

ನನ್ನನ್ನು ಆರನೆಯ ಕ್ಲಾಸಿಗೆ ಶಾಲೆ ಬಿಡಿಸಬೇಕೆಂದು ಹಟ್ಟಿಯ ಹಿರಿಯರೆಲ್ಲ ಕೂತಿದ್ದ ದಿನ ಇವತ್ತೆಲ್ಲ ಕಣ್ಣ ಮುಂದಿದೆ. ಹೆಣ್ಣುಮಗು ಹಿರಿಯೂರಿಗೆ ಹೋಗಿ ಓದುವುದು ಬೇಡ ಅಂತ ಅವರು ಸೂರ್ಯ ಮುಳುಗುವವರೆಗೆ ಹೇಳಿದರು. ಎಲ್ಲ ಮುಗಿದ ಮೇಲೆ ಅಪ್ಪ ಅಂದದ್ದು "ಓದ್ಲಿ". ಅಷ್ಟೇ. ಮರುದಿನ ನಾನು ಶಾಲೆಯಲ್ಲಿದ್ದೆ.

ಆ ಒಂದು ಮಾತಿನಿಂದ ಇಂಗ್ಲಿಷ್ ಕಲಿತವಳು, ಅದೇ ಇಂಗ್ಲಿಷಿನಲ್ಲಿ ಅವನ ಮಾತನ್ನು ಕೆಡಿಸಿದೆ.

೧೦ ಡಿಸೆಂಬರ್, ಶನಿವಾರ

ಹೇಳಿದೆ.

ಬೆಳಿಗ್ಗೆ ಟಿ.ಬಿ. ಜಗುಲಿಯಲ್ಲಿ ಮೇಡಂ ಚಹಾ ಕುಡಿಯುತ್ತಿದ್ದರು. ನಿಂತುಕೊಂಡೇ ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಟ್ಟಲು ಕೆಳಗಿಟ್ಟು ಕೆಂಪು ನೋಟ್‌ಬುಕ್ ತಂದರು. ಮೊದಲ ಪುಟದಿಂದ ಒಂದೊಂದು ಸಾಲಿನ ಮೇಲೆ ಬೆರಳಿಟ್ಟು, ಇದು ಅವರದೋ ನಿನ್ನದೋ ಅಂತ ಕೇಳುತ್ತ ಹೋದರು. ನನ್ನದನ್ನೆಲ್ಲ ಪೆನ್ಸಿಲಿನಿಂದ ಹೊಡೆದೆ. ಎಂಟು ಹಟ್ಟಿ, ನೂರಹತ್ತು ಪುಟ. ಉಳಿದದ್ದು ಒಂದು ಹಾಳೆಯಲ್ಲಿ ಹಿಡಿಸುವಷ್ಟು. ನಾಲ್ಕು ದಿನದ ಹಿಂದೆ ಅದರಲ್ಲೊಂದು ಭಾಗವನ್ನು ಅವರ ವಿಶ್ವವಿದ್ಯಾಲಯಕ್ಕೆ ಅಂಚೆಯಲ್ಲಿ ಕಳಿಸಿಯೂ ಆಗಿತ್ತಂತೆ.

ಅವರು ಕೂಗಾಡಲಿಲ್ಲ. ನೋಟ್‌ಬುಕ್ ಮುಚ್ಚಿ, ಸೋಮವಾರ ಬರಬೇಡ ಅಂದರು.

ಪರಮೇಶ್ವರಪ್ಪ ಮೇಷ್ಟ್ರಿಗೂ ಹೋಗಿ ಹೇಳಿ ಬಂದೆ. ನನ್ನ ಮಾನ ಕಳೆದೆ ಅಂದರು. ಇನ್ನೊಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಪತ್ರ ಕೈಗೆ ಬರುತ್ತಿತ್ತು, ಯಾರು ಕೇಳಿದ್ದರು ನಿನ್ನನ್ನು ಅಂತಲೂ ಅಂದರು. ಅಪ್ಪ ಕೇಳಿದ್ದ. ಅದನ್ನು ಮೇಷ್ಟ್ರಿಗೆ ಹೇಳಲಿಲ್ಲ.

೧೫ ಡಿಸೆಂಬರ್

ಐದು ದಿನ ಕೋಣೆಯಲ್ಲೇ ಇದ್ದೆ. ಹಟ್ಟಿಗೆ ಹೋಗಿಬಿಡೋಣ ಅಂತ ಪೆಟ್ಟಿಗೆ ಕಟ್ಟಿದ್ದೆ. ಇವತ್ತು ಮಧ್ಯಾಹ್ನ ಬಾಗಿಲಲ್ಲಿ ಜೀಪು ನಿಂತಿತು. ಚಿಕ್ಕತಿಮ್ಮಪ್ಪ ಒಂದು ಚೀಟಿ ಕೊಟ್ಟ. ಮೇಡಂ ಅಕ್ಷರ: 'ನಾಳೆ ಏಳಕ್ಕೆ. ಮೊದಲ ಹಟ್ಟಿಯಿಂದ.'

೧೬ ಡಿಸೆಂಬರ್, ಶುಕ್ರವಾರ

ಮುದ್ದಪ್ಪ ಅದೇ ಕಲ್ಲಿನ ಮೇಲೆ ಕೂತಿದ್ದ. ಮೇಡಂ ಅದೇ ಪ್ರಶ್ನೆ ಕೇಳಿಸಿದರು. ಅವನು ಅದನ್ನೇ ಅಂದ, "ಒಂದ್ಸಲ ಹೊಳೆ ಬಂದಿತ್ತು." ನಾನು ಅಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದೆ. ಅಷ್ಟೇನಾ ಅಂತ ಮೇಡಂ ನೋಡಿದರು. ಅಷ್ಟೇ ಅಂದೆ.

ಕಾದೆವು. ಆಡುಗಳೆರಡು ಬಂದು ಜೀಪಿನ ಚಕ್ರ ಮೂಸಿ ಹೋದವು. ನನ್ನ ನಾಲಗೆ ತುರಿಸುತ್ತಿತ್ತು, ಹಲ್ಲು ಕಚ್ಚಿ ಹಿಡಿದೆ. ಮೇಡಂ ಎರಡು ಸಲ ಗಡಿಯಾರ ನೋಡಿದರು, ಆಮೇಲೆ ಬಿಚ್ಚಿ ಚೀಲದಲ್ಲಿಟ್ಟರು.

ಬಹಳ ಹೊತ್ತಾದ ಮೇಲೆ ಮುದ್ದಪ್ಪ ತಾನಾಗಿಯೇ ಶುರುಮಾಡಿದ. ಇಪ್ಪತ್ತು ವರ್ಷದವನಿದ್ದಾಗ ಮಂದೆ ಹೊಳೆಯ ನಡುವಿನ ದಿಬ್ಬದಲ್ಲಿತ್ತಂತೆ. ಮೇಲೆಲ್ಲೋ ಮಳೆಯಾಗಿ ಒಮ್ಮೆಲೇ ನೀರು ಬಂತು. ದೊಡ್ಡ ಕುರಿಗಳು ಈಜಿದವು. ಮರಿಗಳನ್ನು ಅವನೂ ಅವನ ತಮ್ಮನೂ ಕಂಕುಳಲ್ಲಿ ಎರಡೆರಡರಂತೆ ದಾಟಿಸಿದರು. "ಕೊನೇ ಎರಡು ತರಾಕೆ ತಮ್ಮ ಹೋದ. ಮರಿ ಬಂದ್ವು." ಇಷ್ಟೇ ಹೇಳಿ ಎದ್ದು ಒಳಗೆ ಹೋದ.

ನಾನು ಅವನು ಹೇಳಿದಷ್ಟೇ ಹೇಳಿದೆ. ಕೊನೆಯ ಸಾಲು ಇಂಗ್ಲಿಷಿನಲ್ಲೂ ಎರಡೇ ಪದ. ಮೇಡಂ ಬರೆದು ಮುಗಿಸಿ ಕನ್ನಡಕ ತೆಗೆದರು.

ಅಲ್ಲಿ ಹೋದ ತಿಂಗಳು ನಾನು ದೇವರನ್ನೂ ಹಾಲನ್ನೂ ತಂದಿಟ್ಟಿದ್ದೆ.

೨೨ ಡಿಸೆಂಬರ್

'ಸಲನ್' ಹೆಂಗಸರ ಹಟ್ಟಿ. ಇಡೀ ದಿನ ಇದ್ದೆವು. ಮೊದಲು ರಾಗಿ ಕೇರಲು ಕೂಡಿಕೊಂಡೆ, ಪ್ರಶ್ನೆ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಯಲ್ಲಕ್ಕ ಅನ್ನುವವಳು, "ಮೊದ್ಲೇ ಹಿಂಗೆ ಕುಂತಿದ್ರೆ ಆಗ್ತಿತ್ತಲ್ಲ" ಅಂದಳು. ನಾವು ಹೋದ ಸಲ ಬಂದ ದಿನ ಹಟ್ಟಿಯಲ್ಲಿ ಕೂಸೊಂದು ತೀರಿಕೊಂಡು ಮೂರನೆಯ ದಿನವಂತೆ. ನಾವು ಯಾರೂ ಕೇಳಿರಲಿಲ್ಲ.

ಮೇಡಂ ಆ ಪದವನ್ನು ಅಲ್ಲಿಯೇ ಹೊಡೆದುಹಾಕಿದರು.

೨೯ ಡಿಸೆಂಬರ್, ಗುರುವಾರ
ಕರೇಕಲ್ಲಹಟ್ಟಿ

ಅಪ್ಪ ಇವತ್ತು ಮಂದೆಯ ಜೊತೆ ಗುಡ್ಡದಲ್ಲಿದ್ದ. ನಾವೇ ಹತ್ತಿದೆವು. ಮೊದಲು, ಮೇಡಂ ಕೇಳುವ ಮುಂಚೆಯೇ, ಅವತ್ತಿನ ಮಾತು ನನ್ನದಪ್ಪ, ಹೊಡೆದು ಹಾಕಿಸಿದೆ ಅಂತ ಹೇಳಿದೆ. "ಹೂಂ" ಅಂದ.

ನಾಲ್ಕು ತಿಂಗಳು ಏನು ಮಾತಾಡಿಕೊಳ್ಳುತ್ತೀರಿ ಅನ್ನುವುದನ್ನೇ ಮೇಡಂ ಮತ್ತೆ ಕೇಳಿಸಿದರು. "ಏನಿಲ್ಲ" ಅಂದ. ಏನಿಲ್ಲ ಅಂತಲೇ ಹೇಳಿದೆ. ಮೂವರೂ ಬಂಡೆಯ ಮೇಲೆ ಕೂತೆವು. ಕೆಳಗೆ ಮಂದೆ ಮೇಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಪ್ಪ ಕೈಯೆತ್ತಿ, "ಅಗೋ" ಅಂದ. ನನಗೇನೂ ಕಾಣಲಿಲ್ಲ. ಎದ್ದು ಹೋಗಿ ಪೊದೆಯ ಆಚೆಯಿಂದ ಒಂದು ಕುರಿಯನ್ನು ಹಿಡಿದು ತಂದ. ಅದರ ಕುತ್ತಿಗೆಗೆ ಬಳ್ಳಿ ಸುತ್ತಿಕೊಂಡಿತ್ತು. ಅದು ಕೂಗಿರಲಿಲ್ಲ. ಬಳ್ಳಿ ಬಿಡಿಸುತ್ತ ಹೇಳಿದ:

"ಮೇಯೋ ಸದ್ದು ಒಂದು ಕಡೆ ನಿಂತಿತು. ನಾವು ಮಾತಾಡ್ತಾ ಕುಂತಿದ್ರೆ ಅದು ಕೇಳ್ತಿತ್ತಾ? ತೋಳ ಬಂದ್ರೂ ಅಷ್ಟೇ, ಮರಿ ಹಾಕಿದ್ರೂ ಅಷ್ಟೇ. ನಾಲ್ಕು ತಿಂಗಳು ನಾವು ಸುಮ್ಮನಿರಲ್ಲ, ಕೇಳ್ತಾ ಇರ್ತೀವಿ."

ನನ್ನ ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಇದೇ ಮೊದಲು. ಮೇಡಂಗೆ ಹೇಳುವಾಗ ನನ್ನ ದನಿ ಒಂದು ಕಡೆ ನಿಂತಿತು. ಆದರೆ ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲೂ ಇಲ್ಲ. ಅಪ್ಪ ಪೆನ್ನನ್ನೇ ನೋಡುತ್ತಿದ್ದ. ಅದು ನಿಂತಾಗ ತಲೆಯಾಡಿಸಿದ.

ಈ ಮನುಷ್ಯ ನನ್ನ ಅಪ್ಪ. ಇದನ್ನು ಬರೆದಿಡಬೇಕು ಅನ್ನಿಸಿತು.

೮ ಜನವರಿ ೧೯೭೮, ಭಾನುವಾರ

ಚಂದ್ರವಳ್ಳಿಯಲ್ಲಿ ಮೇಡಂ ಜೊತೆ ಸುತ್ತಾಡಿ ಬಂದೆ. ಗುಹೆಯ ಹೊರಗೆ ಕೂತು ಅವರು ನನ್ನ ಪದಗಳ ಹಾಳೆಯನ್ನು ಕೇಳಿ ತೆಗೆದುಕೊಂಡರು. ಇದರಲ್ಲಿ ನಿನ್ನ ಅಪ್ಪನಿಗೆ ಯಾವುದು ಸರಿ ಅಂದರು.

ಒಂದೂ ಅಲ್ಲ ಅಂದೆ. ರಿಸರ್ವ್ಡ್ ಅನ್ನಲು ಅಪ್ಪ ಏನನ್ನೂ ಬಚ್ಚಿಟ್ಟಿಲ್ಲ. ರೆಟಿಸೆಂಟ್ ಅನ್ನಲು ಹಿಂಜರಿದವನಲ್ಲ. ಟ್ಯಾಸಿಟರ್ನ್ ಅನ್ನುವುದಕ್ಕೆ ಸಿಡುಕಿನ ವಾಸನೆಯಿದೆ. ಇವೆಲ್ಲ ಬಾಯಿಯನ್ನು ನೋಡಿ ಇಟ್ಟ ಹೆಸರುಗಳು ಮೇಡಂ, ಕಿವಿಯನ್ನು ನೋಡಿ ಇಟ್ಟದ್ದು ಇದರಲ್ಲಿಲ್ಲ ಅಂದೆ.

ಅವರು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ, ಹಾಗಾದರೆ ನಿಮ್ಮ ಹಟ್ಟಿಯ ಅಧ್ಯಾಯಕ್ಕೆ ಇಂಥ ಪದ ಹಾಕುವುದಿಲ್ಲ, ನಿನ್ನ ಅಪ್ಪ ಹೇಳಿದ್ದನ್ನೇ ಹಾಕುತ್ತೇನೆ, ಅವರ ಹೆಸರಿನ ಸಮೇತ ಅಂದರು.

೧೫ ಜನವರಿ

ಚಿಕ್ಕಜಾಜೂರಿನಲ್ಲಿ ಮೇಡಂ ಅವರನ್ನು ರೈಲು ಹತ್ತಿಸಿ ಬಂದೆವು. ಪತ್ರ ಕೇಳಬಾರದೆಂದುಕೊಂಡಿದ್ದೆ, ಕೇಳಲಿಲ್ಲ. ರೈಲು ಹೊರಡುವಾಗ ಅವರೇ ಕಿಟಕಿಯಿಂದ ಲಕೋಟೆ ಕೊಟ್ಟರು. ಫ್ಲೂಯೆಂಟ್ ಅನ್ನುವ ಪದ ಅದರಲ್ಲಿಲ್ಲ. 'ಈಕೆ ಕೇಳಿದ್ದನ್ನು ಹೇಳುತ್ತಾಳೆ, ಕೇಳದ್ದನ್ನು ಸೇರಿಸುವುದಿಲ್ಲ. ಒಮ್ಮೆ ಸೇರಿಸಿದ್ದಳು, ನಾನು ಕಂಡುಹಿಡಿಯುವ ಮುಂಚೆ ತಾನೇ ಬಂದು ಹೇಳಿದಳು' ಅಂತಿದೆ.

ಇದನ್ನು ಕಮಿಟಿಗೆ ತೋರಿಸಬೇಡ, ನಿನ್ನ ತಪ್ಪನ್ನು ನೀನೇ ಹೊತ್ತುಕೊಂಡು ಹೋದಂತಾಗುತ್ತದೆ ಅಂದರು ಪರಮೇಶ್ವರಪ್ಪ ಮೇಷ್ಟ್ರು.

ತೋರಿಸುತ್ತೇನೆ.

೨೩ ಜನವರಿ, ಸೋಮವಾರ

ಹೊಳಲ್ಕೆರೆ. ಕಮಿಟಿಯಲ್ಲಿ ಐದು ಜನ. ಪತ್ರ ಕೈಯಿಂದ ಕೈಗೆ ಹೋಯಿತು. ಊರು ಯಾವುದಮ್ಮ ಅಂದರು ಅಧ್ಯಕ್ಷರು. ಕರೇಕಲ್ಲಹಟ್ಟಿ, ಯತ್ತಪ್ಪನ ಮಗಳು ಅಂದೆ.

"ಹಟ್ಟಿಯವರು ಮೂಗರಿದ್ದಂಗೆ ಇರ್ತಾರೆ. ನೀನು ಮಕ್ಕಳಿಗೆ ಹೆಂಗಮ್ಮ ಪಾಠ ಮಾಡ್ತೀಯ?"

ಉಳಿದವರು ನಕ್ಕರು. ಅವರ ನಗು ಪೂರ್ತಿ ಮುಗಿಯಲಿ ಅಂತ ಕಾದೆ.

"ಮೊದಲು ಮಕ್ಕಳು ಹೇಳೋದನ್ನ ಕೇಳ್ತೀನಿ ಸರ್."

ಆಮೇಲೆ ಅವರು ಬೇರೇನೂ ಕೇಳಲಿಲ್ಲ. ಒಂದು ಪುಟ ಓದಿಸಿದರು, ಅರ್ಥ ಹೇಳಿಸಿದರು. ಮುಂದಿನ ತಿಂಗಳು ಮೊದಲನೆಯ ವಾರದಿಂದ ಬಾ ಅಂದರು.

೪ ಫೆಬ್ರವರಿ

ಹಟ್ಟಿಯಲ್ಲಿ ಎರಡು ದಿನ. ಕೆಲಸ ಆಯ್ತಪ್ಪ ಅಂದೆ. "ಹೂಂ" ಅಂದ. ಅವ್ವ ಹೋಳಿಗೆ ಮಾಡಿದಳು.

೫ ಫೆಬ್ರವರಿ, ಭಾನುವಾರ

ಅಪ್ಪ ನನ್ನ ಪೆಟ್ಟಿಗೆ ಹೊತ್ತು ಹಿರಿಯೂರು ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸು ತಡವಾಗಿತ್ತು. ಕುರಿ ವ್ಯಾಪಾರದ ಶಿವಕುಮಾರಪ್ಪ ಸಿಕ್ಕಿ, ಎತ್ತ ಹೊರಟೆ ಯತ್ತಪ್ಪ ಅಂದ. ಅಪ್ಪ, "ನನ್ ಮಗಳು. ಹೊಳಲ್ಕೆರೆ ಇಸ್ಕೂಲಿನಾಗೆ ಇಂಗ್ಲೀಷು ಹೇಳ್ಕೊಡಾಕೆ ಹೊಂಟಾಳೆ" ಅಂದ.

ಆಮೇಲೆ ಕಡಲೆಕಾಯಿ ಮಾರುವವಳಿಗೆ ಹೇಳಿದ. ಅವಳು ಏನೂ ಕೇಳಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಮೂವರಿಗೆ ಹೇಳಿದ, ಅದರಲ್ಲೊಬ್ಬ ನಿದ್ದೆ ಮಾಡುತ್ತಿದ್ದ. ಬಸ್ಸು ಬಂದಾಗ ಕಂಡಕ್ಟರಿಗೆ ಪೆಟ್ಟಿಗೆ ಕೊಡುತ್ತ, ಅದರಲ್ಲಿ ಪುಸ್ತಕ ಅವೆ, ಹುಷಾರು, ನನ್ ಮಗಳು ಇಂಗ್ಲೀಷು ಮೇಷ್ಟ್ರು ಅಂದ.

ಕಂಡಕ್ಟರ್ ನನ್ನ ಕಡೆ ತಿರುಗಿ, "ಹೌದೇನ್ರಮ್ಮ?" ಅಂತ ಕೇಳಿದ.

"ಹೂಂ" ಅಂದೆ.